ಹಕ್ಕಿ ನೋಡಲು ಬಂದವನು

ಹೆತ್ತೂರು ಹೋಬಳಿ
6 ನವೆಂಬರ್ 2025

ಸುಚಿತ್ರಾ,

ನೀನು ಕಳಿಸಿದ ಮನುಷ್ಯ ಬಂದು ಸೇರಿದ್ದಾನೆ. ಲಕೋಟೆ ಒಡೆದ ಕೂಡಲೇ ನಿನ್ನ ಕಣ್ಣು ಹುಡುಕುವುದು ಆ ಒಂದು ವಾಕ್ಯವನ್ನು ಎಂದು ಗೊತ್ತಿದ್ದರಿಂದ ಅದನ್ನೇ ಮೊದಲು ಬರೆದೆ. ಉಳಿದದ್ದನ್ನು ನಿಧಾನವಾಗಿ ಓದು.

ಮೂರೂವರೆ ವರ್ಷದ ಮೇಲೆ ನಿನ್ನ ಕೈಬರಹ ನೋಡಿದೆ. ಯುದ್ಧ ಶುರುವಾದ ವಾರ ನಮ್ಮ ಹಾಸ್ಟೆಲ್ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ನೀನು ಖಾರ್ಕಿವ್‌ನ ನಿಮ್ಮ ಮನೆಯ ಒಡೆದ ಕಿಟಕಿಯ ಫೋಟೊ ಹಾಕಿದ್ದೆ. ಅದರ ಕೆಳಗೆ ನಾನು, ಎರಡೂ ಕಡೆಯವರು ಕೂತು ಮಾತಾಡಬೇಕು ಎಂದು ಬರೆದೆ. ನೀನು ಗುಂಪು ಬಿಟ್ಟು ಹೋದೆ. ಬರೆದದ್ದರಲ್ಲಿ ತಪ್ಪೇನಿತ್ತು ಎಂದು ಆಗ ತಿಳಿಯಲಿಲ್ಲ. ಈಗ ಪೂರ್ತಿ ತಿಳಿದಿದೆ ಎಂದೂ ಹೇಳಲಾರೆ. ಅಂಥ ನನಗೆ ನೀನು ಪೋಲೆಂಡಿನಿಂದ ಕಾಗದ ಬರೆದು, ನಿನಗೆ ಬೇಕಾದವರೊಬ್ಬರನ್ನು ಏಪ್ರಿಲ್‌ವರೆಗೆ ನಮ್ಮ ಕಾಫಿ ತೋಟದ ಹೋಮ್‌ಸ್ಟೇಯಲ್ಲಿ ಇಟ್ಟುಕೋ, ಫೋನ್ ಮಾಡಬೇಡ, ಕಾಗದವನ್ನೇ ಬರೆ ಎನ್ನುತ್ತೀಯ. ಯಾಕೆ ನಾನೇ?

ಜಯಕುಮಾರ್‌ಗೂ ಇದೇ ಪ್ರಶ್ನೆ. "ಯಾರೇ ಇದು? ಎಲ್ಲಿಂದ ಹಿಡ್ಕೊಂಡು ಬಂದೆ?" ಎಂದರು. ಆಲೂರಿನ ಸುಚಿತ್ರಾ ಗೊತ್ತಲ್ಲ, ಖಾರ್ಕಿವ್‌ಗೆ ಡಾಕ್ಟರ್ ಓದಲು ಹೋಗಿ ಅಲ್ಲೇ ತಾರಾಸ್‌ನನ್ನು ಮದುವೆಯಾದವಳು, ಗಂಡ ದಂಡಿಗೆ ಸೇರಿದ ಮೇಲೆ ಪೋಲೆಂಡಿಗೆ ಹೋದವಳು, ಅವಳ ಪರಿಚಯದವನು ಎಂದೆ. "ಅವಳು ನಿನ್ನ ಜೊತೆ ಮಾತು ಬಿಟ್ಟಿದ್ಲಲ್ಲ," ಎಂದರು. ನನ್ನ ಗಂಡ ಬೇರೆ ಯಾವುದನ್ನು ಮರೆತರೂ ಇಂಥದ್ದನ್ನು ಮರೆಯುವುದಿಲ್ಲ.

ಈಗ ಮುಖ್ಯ ವಿಷಯ. ವಿದೇಶದವರು ತಂಗಿದರೆ ನಾವು ಸರ್ಕಾರಕ್ಕೆ ವಿವರ ತುಂಬಿ ಕಳಿಸಬೇಕು. ಅದಕ್ಕೆ ಪಾಸ್‌ಪೋರ್ಟ್ ಕೇಳಿದೆ. ಕೊಡುವ ಮೊದಲು ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ದಾನಿಲೊ ಎಂಬ ಹೆಸರು ನೀನು ಬರೆದದ್ದೇ. ಆದರೆ ಅದು ಪೋಲೆಂಡಿನ ಪಾಸ್‌ಪೋರ್ಟ್ ಅಲ್ಲ, ಉಕ್ರೇನಿನದು. ಪೋಲೆಂಡಿನವನು, ಹಕ್ಕಿ ನೋಡುವ ಹುಚ್ಚಿನವನು ಎಂದು ನೀನು ಬರೆದಿದ್ದೆ. ಅವನ ಹತ್ತಿರ ದುರ್ಬೀನೂ ಇಲ್ಲ.

ನಿನ್ನ ಕಾಗದದ ಎರಡನೆಯ ಸಾಲೇ ಸುಳ್ಳೆಂದಾಯಿತು. ಉಳಿದ ಸಾಲುಗಳನ್ನು ನಾನು ಹೇಗೆ ಓದಲಿ?

ಸುಮನಾ


ಕ್ರಾಕೊವ್
19 ನವೆಂಬರ್ 2025

ಸುಮಿ,

ಪೋಲೆಂಡಿನವನು ಎಂದದ್ದು ಸುಳ್ಳು. ಉಕ್ರೇನ್ ಎಂದರೆ ನೀನು ಹೆದರಿ ಬೇಡ ಎನ್ನುತ್ತೀಯ ಎಂದುಕೊಂಡೆ. ಹಕ್ಕಿಯ ವಿಷಯವೂ ಸುಳ್ಳು. ನಿಮ್ಮ ಕಡೆ ಬಿಳಿಯರು ಹಕ್ಕಿ ನೋಡುವುದಕ್ಕಲ್ಲದೆ ಇನ್ಯಾತಕ್ಕೆ ಬರುತ್ತಾರೆ ಹೇಳು.

ಯಾಕೆ ನೀನೇ ಎಂದು ಕೇಳಿದೆ. ನನ್ನನ್ನು ಬಲ್ಲವರು ಯಾರೂ ಈಗ ನಿನ್ನನ್ನು ನನ್ನ ಗೆಳತಿ ಎಂದುಕೊಳ್ಳುವುದಿಲ್ಲ, ಅದಕ್ಕೆ. ನಿನ್ನ ಮನೆಯಲ್ಲಿ ಯಾರೂ ಹುಡುಕುವುದಿಲ್ಲ. ಓದಿ ನೋವಾಯಿತೇ? ಆಗಲಿ ಬಿಡು. ಎರಡೂ ಕಡೆಯವರು ಕೂತು ಮಾತಾಡುವಾಗ ಸ್ವಲ್ಪ ನೋವಾಗುತ್ತದೆ.

ಅವನು ನನ್ನ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳೊಬ್ಬಳ ತಮ್ಮ. ಕಿವಿಯ ತೊಂದರೆಯಿಂದ ದಂಡಿಗೆ ಬೇಡ ಎಂದು ಬಿಟ್ಟಿದ್ದಾರೆ. ಸದ್ದಿಲ್ಲದ ಕಡೆ ಇರಬೇಕು, ಅಷ್ಟೆ.

ಫೋನ್ ಯಾಕೆ ಬೇಡ ಎಂದರೆ, ನನ್ನ ಫೋನಿಗೆ ಬಂದದ್ದೆಲ್ಲ ತಾರಾಸ್‌ನ ಫೋನಿನಲ್ಲೂ ತೆರೆದುಕೊಳ್ಳುತ್ತದೆ. ಯುದ್ಧದ ಮೊದಲ ದಿನಗಳಲ್ಲಿ ನಾವೇ ಹಾಗೆ ಮಾಡಿಕೊಂಡೆವು, ಯಾರು ಎಲ್ಲಿ ಜೀವಂತ ಇದ್ದೇವೆ ಎಂದು ತಿಳಿಯಲಿ ಎಂದು. ಈಗ ಬೇಡ ಎಂದರೆ ಯಾಕೆ ಎನ್ನುತ್ತಾನೆ. ಕನ್ನಡದ ಕೈಬರಹವನ್ನು ಅನುವಾದಿಸುವ ಯಾವ ಯಂತ್ರವೂ ಓದಲಾರದು. ನಿನ್ನದನ್ನಂತೂ ಮನುಷ್ಯರೂ ಓದಲಾರರು.

ಆ ಸರ್ಕಾರದ ವಿವರ ಯಾರ ಕೈಗೆ ಹೋಗುತ್ತದೆ? ವಿಚಾರಿಸಿ ಬರೆ. ವಿಚಾರಿಸುವುದು ಯಾರಿಗೂ ಗೊತ್ತಾಗಬಾರದು.

ನಿನ್ನ ಸುಚಿ


ಹೆತ್ತೂರು ಹೋಬಳಿ
4 ಡಿಸೆಂಬರ್ 2025

ಸುಚಿತ್ರಾ,

ಕಿವಿಯ ತೊಂದರೆ ಎಂದೆ. ನಮ್ಮ ನಾಯಿಗಿಂತ ಮೊದಲು ಜೀಪಿನ ಸದ್ದು ಕೇಳಿಸುವುದು ಅವನಿಗೆ. ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ನಿಂತುಬಿಡುತ್ತಾನೆ. ಆಮೇಲೆ ನಾಯಿ ಬೊಗಳುತ್ತದೆ. ಅದಾದ ಮೇಲೆ ತಿರುವಿನಲ್ಲಿ ಜೀಪು ಕಾಣುತ್ತದೆ.

ನೀನು ಕೇಳಿದ ಆ ವಿವರ ನಮ್ಮ ಪೊಲೀಸರಿಗೆ ಹೋಗುತ್ತದೆ, ಅವನ ದೇಶಕ್ಕೆ ಹೋಗುವುದಿಲ್ಲವಂತೆ. ಹಕ್ಕಿ ನೋಡಲು ಬಂದವನೆಂದು ಊರಿಗೆಲ್ಲ ಹೇಳಿ ಆಗಿದೆ. ಆದರೆ ಅವನು ಬಯಲಿಗೆ ಬರುವುದೇ ಇಲ್ಲ. ಮನೆಯಿಂದ ಕಾಫಿ ತುಂಬಿಡುವ ಸ್ಟೋರಿಗೆ, ಒಣಗಿಸುವ ಕಣ ದಾಟಿ ಹೋಗುವುದು ನಮ್ಮೆಲ್ಲರ ರೂಢಿ. ಅವನು ಮಾತ್ರ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ಕೆಳಗೆ ದೊಡ್ಡ ಸುತ್ತು ಹಾಕುತ್ತಾನೆ. ಇದನ್ನು ಮೊದಲು ಕಂಡದ್ದು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಗುಂಡಯ್ಯ. "ಮೇಡಂ, ಆವಯ್ಯ ಬಿಸ್ಲಿಗೆ ಕರಗೋಯ್ತಾನಾ?" ಎಂದು ಕೇಳಿದ. ಕಾಫಿ ಕೊಯ್ಯುವ ಹೆಂಗಸರು ಆಗಲೇ ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಿದ್ದಾರೆ.

ಜಯಕುಮಾರ್ ಅವನನ್ನು ಎಲ್ಲರಿಗೂ ರಷ್ಯಾದವರು ಎಂದೇ ಪರಿಚಯಿಸುತ್ತಾರೆ. ಉಕ್ರೇನ್ ಎಂದರೆ ಮತ್ತೆ ಹತ್ತು ಪ್ರಶ್ನೆ ಬರುತ್ತದಂತೆ. ಹೆತ್ತೂರಿನ ಟೀ ಅಂಗಡಿಯಲ್ಲಿ ಎದ್ದು ಜಾಗ ಕೊಟ್ಟರಂತೆ. "ರಷ್ಯಾದೋರಾ? ಕೂತ್ಕೊಳಿ ಸಾರ್. ನಮ್ ದೇಶಕ್ಕೆ ಕಷ್ಟ ಬಂದಾಗ ಕೈ ಬುಡ್ನಿಲ್ಲ ನೀವು. ಏಯ್, ಸಾರ್‌ಗೆ ಸ್ಟ್ರಾಂಗಾಗಿ ಒಂದ್ ಟೀ ಹಾಕೋ!" ಇವನು ತಲೆಯಾಡಿಸಿ ಟೀ ಕುಡಿದು ಬಂದ. ನೀನು ನಮ್ಮ ಗುಂಪನ್ನು ಬಿಟ್ಟದ್ದು ಇಂಥದೇ ಒಂದು ಮಾತಿಗೆ. ಹಾಗಾಗಿ ನಾನು ಅವನನ್ನು ಇಂಗ್ಲಿಷಿನಲ್ಲಿ ಕೇಳಿದೆ, ಯಾಕೆ ತಿದ್ದಲಿಲ್ಲ ಎಂದು. ಟೀ ಚೆನ್ನಾಗಿತ್ತು ಎಂದ.

ಇನ್ನೊಂದನ್ನೂ ಬರೆಯಬೇಕು. ಮೊನ್ನೆ ಅವನ ಕೋಣೆ ಗುಡಿಸುವಾಗ ಮಂಚದ ಕೆಳಗಿನ ಚೀಲದ ಜಿಪ್ಪನ್ನು ಅರ್ಧ ಎಳೆದೆ. ಎಳೆದು ನಿಲ್ಲಿಸಿ, ಮತ್ತೆ ಮುಚ್ಚಿದೆ. ಅರ್ಧ ಎಳೆಯುವುದು ಪೂರ್ತಿ ಎಳೆಯುವುದಕ್ಕಿಂತ ಕಡಿಮೆ ತಪ್ಪೋ ಹೆಚ್ಚು ತಪ್ಪೋ ತಿಳಿಯದೆ ಪೊರಕೆ ಹಿಡಿದು ನಿಂತಿದ್ದೆ. ನಾನು ಇಂಥವಳಾಗಿರಲಿಲ್ಲ. ಅಥವಾ ಆಗಿದ್ದೆನೋ ಏನೋ, ಅಂಥ ಅತಿಥಿ ಬಂದಿರಲಿಲ್ಲ.

ನನ್ನ ಸಂಶಯಗಳನ್ನು ನೇರವಾಗಿ ಹೇಳುತ್ತೇನೆ. ಇವನು ಇನ್ನೊಬ್ಬರ ಪಾಸ್‌ಪೋರ್ಟ್ ಹಿಡಿದ ರಷ್ಯಾದವನಿರಬಹುದು. ಏನನ್ನೋ ಮಾಡಿ ತಪ್ಪಿಸಿಕೊಂಡು ಬಂದವನಿರಬಹುದು. ಮೂರನೆಯದನ್ನು ಬರೆಯಲು ಸಂಕೋಚವಾಗುತ್ತದೆ. ಜೊತೆ ಕೆಲಸದವಳ ತಮ್ಮನನ್ನು ಗಂಡನ ಕಣ್ಣಿಂದ ಇಷ್ಟು ಜೋಪಾನವಾಗಿ ಯಾರು ಮುಚ್ಚಿಡುತ್ತಾರೆ? ಅವನು ನಿನಗೆ ಏನಾಗಬೇಕು?

ಸುಮನಾ


ಕ್ರಾಕೊವ್
15 ಡಿಸೆಂಬರ್ 2025

ಸುಮಿ,

ನೀನು ಪೊಲೀಸ್ ಆಗಬೇಕಿತ್ತು ಕಣೇ. ತೋಟ ಹಾಳಾಗುತ್ತಿತ್ತು, ದೇಶ ಉದ್ಧಾರವಾಗುತ್ತಿತ್ತು.

ಅವನು ನನ್ನ ಗೆಣೆಕಾರನಲ್ಲ. ರಷ್ಯಾದವನೂ ಅಲ್ಲ. ಉಳಿದದ್ದನ್ನು ಬರೆದರೆ ನಿನಗೂ ಗೊತ್ತಿದ್ದಂತಾಗುತ್ತದೆ. ಕೇಳಿದವರ ಮುಂದೆ ಗೊತ್ತಿಲ್ಲ ಎನ್ನಬೇಕಾಗುತ್ತದೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಮೂಗು ಕೆಂಪಾಗುತ್ತದೆ.

ಇಷ್ಟು ತಿಳಿದಿರಲಿ. ಅವನ ದೇಶದ ಎಂಬೆಸಿಯವರಿಗೆ ಅವನು ಎಲ್ಲಿದ್ದಾನೆಂದು ತಿಳಿಯಬಾರದು. ಪೊಲೀಸ್ ಕೇಸು ಎಂದೇನಾದರೂ ಆದರೆ ಮೊದಲು ತಿಳಿಸುವುದು ಅವರಿಗೇ. ತಿಳಿದರೆ ವಾಪಸ್ ಕರೆಸಿಕೊಳ್ಳುತ್ತಾರೆ. ಎಲ್ಲಿಗೆ ಎಂದು ಬಿಡಿಸಿ ಬರೆಯಲೇ? ಇಟ್ಟುಕೊಳ್ಳಲಾರೆ ಎನ್ನುವುದಾದರೆ ಕಳಿಸಿಬಿಡು. ಕಳಿಸುವ ಮೊದಲು ನನಗೆ ಒಂದು ಮಾತು ಬರೆ.

ಸುಚಿ


ಹೆತ್ತೂರು ಹೋಬಳಿ
9 ಜನವರಿ 2026

ಸುಚಿತ್ರಾ,

ಪೊಲೀಸ್ ಕೇಸು ಆಗುವುದರಲ್ಲಿತ್ತು. ಆಗಲಿಲ್ಲ. ಆದರೆ ತಪ್ಪಿಸಿದ ರೀತಿ ನನಗೆ ನೆಮ್ಮದಿ ಕೊಟ್ಟಿಲ್ಲ. ಪೂರ್ತಿ ಹೇಳುತ್ತೇನೆ.

ಮಂಗಳವಾರ ಬೆಳಿಗ್ಗೆ ವನಗೂರು ಕಡೆಯಿಂದ ಆನೆಗಳು ಇಳಿದು ನಮ್ಮ ಕೆಳಗಿನ ಹಳ್ಳ ಸೇರಿದ್ದವು. ಈಗ ಇಲ್ಲಿ ಆನೆ ಬಂದರೆ ತಮಟೆ, ಪಟಾಕಿಗಿಂತ ಮೊದಲು ಬರುವುದು ಅರಣ್ಯ ಇಲಾಖೆಯ ಡ್ರೋನು. ನಾಲ್ಕು ರೆಕ್ಕೆಯ ಆ ಯಂತ್ರವನ್ನು ಮೇಲೆ ಹಾರಿಸಿ, ಎಷ್ಟು ಆನೆ, ಯಾವ ಗಿಡದ ಮರೆಯಲ್ಲಿ ಎಂದು ಪರದೆಯ ಮೇಲೆ ನೋಡುತ್ತಾರೆ. ನಮಗೆ ಅದು ರೂಢಿಯಾಗಿ ಹೋಗಿದೆ. ಅದರ ಸದ್ದು ಕೇಳಿದರೆ ಹೆಂಗಸರು ತಲೆ ಎತ್ತುವುದೂ ಇಲ್ಲ. ಸದ್ದು ದೂರ ಇದ್ದರೆ ಆನೆಯೂ ದೂರ ಎಂದು ಕೊಯ್ಯುತ್ತಿರುತ್ತಾರೆ. ಈ ವಿಷಯವನ್ನು ಅವನಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೇಲಿನ ತೋಟದಲ್ಲಿ, ಕೊಯ್ಲಿಗೆ ಬರುವ ಕೆಂಚಮ್ಮ ಗಿಡದ ಬುಡದ ಉದುರು ಹಣ್ಣು ಆಯುತ್ತಿದ್ದಳು. ಡ್ರೋನು ಮೇಲೆ ಬಂತು. ಇವನು ಮರಗಳ ನಡುವಿನಿಂದ ಓಡಿಬಂದು, ಅವಳನ್ನು ಎತ್ತಿ, ಮಳೆನೀರು ಇಂಗಲು ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಗೆ ಕೆಡವಿ, ಮೇಲೆ ತಾನೂ ಬಿದ್ದ. ಅವಳ ಕೂಗಿಗೆ ಎಲ್ಲರೂ ಓಡಿದೆವು. ನಾವು ಕಂಡದ್ದು, ಗುಂಡಿಯೊಳಗೆ ಕೆಂಚಮ್ಮನ ಕಾಲು, ಅವಳ ಮೇಲೆ ಆ ದೊಡ್ಡ ದೇಹ, ಸುತ್ತ ಚೆಲ್ಲಿದ ಹಣ್ಣು. ಎಷ್ಟು ಎಳೆದರೂ ಅವನು ಏಳಲಿಲ್ಲ. ಸದ್ದು ಹಳ್ಳದ ಕಡೆ ಹೋದ ಮೇಲೆ ತಾನಾಗಿ ಎದ್ದ. ಜಯಕುಮಾರ್ ಅವನ ಕಾಲರ್ ಹಿಡಿದರು. ನನ್ನ ಗಂಡ ಒಬ್ಬರ ಮೈ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸ್ಟೋರಿನ ಮುಂದೆ ಜನ ಸೇರಿತು. ಆಳುಗಳ ಮೇಸ್ತ್ರಿಯ ಬಾಯಿಗೆ ಬಂದದ್ದನ್ನೆಲ್ಲ ಬರೆಯುವುದಿಲ್ಲ. ಗುಂಡಯ್ಯ ಸ್ಟೇಷನ್ನಿಗೆ ಫೋನ್ ಮಾಡಲು ಹೊರಟ. ದಾನಿಲೊ ಗೋಡೆಗೆ ಬೆನ್ನು ಕೊಟ್ಟು ನಿಂತು ಆಕಾಶವನ್ನೇ ನೋಡುತ್ತಿದ್ದ. ಅಷ್ಟು ದಿನ ಬಯಲಿಗೆ ಯಾಕೆ ಬರಲಿಲ್ಲ, ಜೀಪಿನ ಸದ್ದಿಗೆ ತುತ್ತು ಯಾಕೆ ನಿಲ್ಲುತ್ತಿತ್ತು ಎಂಬುದೆಲ್ಲ ನನಗೆ ಆಗ ಒಟ್ಟಿಗೆ ತಿಳಿಯಿತು. ತಿಳಿಯಿತು ಎನ್ನುವುದು ದೊಡ್ಡ ಮಾತು. ಹಾಗಿರಬಹುದು ಅನ್ನಿಸಿತು.

ನನ್ನ ಕಷ್ಟ ನೋಡು. ಅವನು ಯುದ್ಧದಿಂದ ಬಂದವನು ಎಂದರೆ ಮಾತ್ರ ಅವನ ಮೇಲಿನ ಆರೋಪ ಹೋಗುತ್ತದೆ. ಆ ಮಾತನ್ನು ಅಷ್ಟು ಜನರ ಮುಂದೆ ಆಡಿದರೆ, ನೀನು ಮುಚ್ಚಿಡು ಎಂದದ್ದೇ ಹೊರಗೆ ಬರುತ್ತದೆ. ಸುಮ್ಮನಿದ್ದರೆ ಸ್ಟೇಷನ್ನು. ಇನ್ನು ಕೆಂಚಮ್ಮನದೂ ಇದೆ, ಬಿದ್ದವಳು ಅವಳು. ಅವಳ ನ್ಯಾಯವನ್ನು ನಾನು ಅಡ್ಡ ನಿಂತು ತಡೆಯಲು ಯಾರು?

"ಫೋನ್ ಆಮೇಲೆ ಮಾಡು ಗುಂಡಯ್ಯ," ಎಂದು ಕೆಂಚಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಮೊಣಕೈ ತರಚಿ ರಕ್ತ ಬಂದಿತ್ತು. ತೊಳೆದು ಕಾಫಿ ಕೊಟ್ಟೆ.

"ಕೆಂಚಮ್ಮ, ಅವನ ದೇಶದಲ್ಲಿ ಯುದ್ಧ ನಡೀತಿದೆ. ಆ ಹಾರೋ ಯಂತ್ರ ಬಂದ್ರೆ ಅಲ್ಲಿ ಬಾಂಬು ಬೀಳುತ್ತೆ. ಅದಕ್ಕೆ ನಿನ್ನ ತಳ್ಳಿದ ಅಂತ ನನಗನ್ನಿಸುತ್ತೆ."

"ಅವ್ನು ದಂಡ್ನೋನಾ?"

"ಇರಬೇಕು."

"ಓಡ್ಬಂದವ್ನಾ?"

"ಗೊತ್ತಿಲ್ಲ. ಪೊಲೀಸ್ ಬಂದ್ರೆ ಅವನನ್ನ ಅಲ್ಲಿಗೇ ವಾಪಸ್ ಕಳಿಸ್ತಾರಂತೆ. ಆದ್ರೆ ಅದಕ್ಕೋಸ್ಕರ ನೀನು ಸುಮ್ನಿರಬೇಕು ಅಂತ ನಾನು ಹೇಳ್ತಿಲ್ಲ."

"ಅಲ್ಲ ಕಣವ್ವ, ಅನ್ಸುತ್ತೆ ಅಂತೀರಿ, ಇರ್ಬೇಕು ಅಂತೀರಿ, ಗೊತ್ತಿಲ್ಲ ಅಂತೀರಿ. ನಿಮ್ಗೇ ನಂಬ್ಕೆ ಇಲ್ದಿದ್ನ ನಾನ್ ಹೆಂಗ್ ನಂಬ್ಲಿ?"

ಅವಳು ಕಾಫಿ ಕುಡಿದು ಲೋಟ ಕೆಳಗಿಟ್ಟಳು. "ನನ್ ಗಂಡ ಕುಡ್ಕಂಡು ಮೈಮ್ಯಾಲೆ ಬೀಳೋನು. ಆ ಬೀಳೋದೇ ಬ್ಯಾರೆ. ಇದು ಇಲಿ ಮರಿ ನಡುಗ್ದಂಗೆ ನಡುಗ್ತಿತ್ತು, ಇಷ್ಟ್ ದೊಡ್ಡ ಆಳು." ಆಮೇಲೆ ತರಚಿದ ಮೊಣಕೈ ನೋಡಿಕೊಂಡು, "ಆದ್ರೂ ಹೇಳ್ದೆ ಕೇಳ್ದೆ ಹಂಗ್ ಮಾಡ್ಬಾರ್ದು. ನಾನ್ ಕೆಲ್ಸ ಮಾಡೋ ಕಡೀಕೆ ಅವ್ನು ತಲೆ ಹಾಕ್ಕೂಡ್ದು. ಹೇಳ್ಬುಡಿ," ಎಂದಳು.

ಹೊರಗೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತು, "ಯಾಕ್ ಕೂಗಾಡ್ತೀರಿ? ಆನೆ ಬಂತು ಕಣ್ರೋ. ನಾನ್ ನೋಡ್ನಿಲ್ಲ, ಅವ್ನು ನೋಡ್ದ, ತಳ್ದ. ಅಷ್ಟೆಯ. ನಡೀರಿ, ಹಣ್ ಯಾರ್ ಆಯ್ತಾರೆ, ನಿಮ್ಮಪ್ಪಾರಾ?" ಎಂದಳು.

ಆನೆ ಆ ಹೊತ್ತಿಗೆ ಅಲ್ಲಿಂದ ಬಹಳ ದೂರ ಇತ್ತು. ಡ್ರೋನಿನವರಿಗೆ ಅದು ಗೊತ್ತಿತ್ತು, ಆದರೆ ಅವರು ಹಳ್ಳದಲ್ಲಿದ್ದರು. ಜನ ನಂಬಿತು. ಜಯಕುಮಾರ್ ತಾವೇ ಹೋಗಿ ಅವನ ಅಂಗಿಯ ಮಣ್ಣು ಒರೆಸಿದರು.

ನಿಜವಲ್ಲದ ಮಾತನ್ನು ನಾನು ಹೇಳಿಸಿದಂತಾಯಿತೇ? ನಾನು ಹೇಳಿಕೊಡಲಿಲ್ಲ. ತಡೆಯಲೂ ಇಲ್ಲ. ಕೆಂಚಮ್ಮನ ಪ್ರಶ್ನೆಯನ್ನೇ ನಿನಗೆ ಕಳಿಸುತ್ತಿದ್ದೇನೆ. ಇನ್ನು ಆಟ ಸಾಕು. ಅವನು ಯಾರು?

ಸುಮನಾ


ಕ್ರಾಕೊವ್
19 ಜನವರಿ 2026

ಸುಮಿ,

ದಾನಿಲೊ ನನ್ನ ಮೈದುನ. ತಾರಾಸ್‌ನ ಸ್ವಂತ ತಮ್ಮ.

ತಾರಾಸ್ ಯುದ್ಧ ಶುರುವಾದ ಮೊದಲ ವಾರವೇ ತಾನಾಗಿ ಹೋಗಿ ಸೇರಿದ. ಇವನನ್ನು ಆಮೇಲೆ ಕರೆದರು. ಇವನೂ ಹೋದ. ಒಂದು ವರ್ಷಕ್ಕಿಂತ ಹೆಚ್ಚು ಇದ್ದ. ಒಮ್ಮೆ ರಜೆಗೆ ಬಂದವನು ಹಿಂದಿರುಗಲಿಲ್ಲ. ಆ ವಯಸ್ಸಿನ ಗಂಡಸರು ಗಡಿ ದಾಟುವಂತಿಲ್ಲ. ಹೇಗೋ ದಾಟಿ ನನ್ನ ಬಾಗಿಲಿಗೆ ಬಂದ. ಅವನು ಓಡಿಹೋದ ಸುದ್ದಿ ಕೇಳಿ ತಾರಾಸ್ ನನಗೆ ಹೇಳಿದ್ದು, "ನನಗೆ ತಮ್ಮ ಇಲ್ಲ." ಆ ಮಾತು ಆಡುವಾಗ ಇವನು ನನ್ನ ಅಡುಗೆಮನೆಯಲ್ಲಿ ಕೂತು ಸೂಪು ಕುಡಿಯುತ್ತಿದ್ದ. ಫೋನಿನ ಧ್ವನಿ ಅವನಿಗೂ ಕೇಳಿಸಿತು. ಚಮಚದ ಸದ್ದಾಗಬಾರದೆಂದು ಬಟ್ಟಲನ್ನು ಹಾಗೇ ಬಾಯಿಗೆ ಎತ್ತಿದ.

ತಾರಾಸ್ ತಪ್ಪು ಎಂದು ನನಗೆ ಹೇಳಲಾಗುವುದಿಲ್ಲ ಕಣೇ. ಎಲ್ಲರೂ ಓಡಿ ಬಂದರೆ ನಮ್ಮ ಮನೆಗೆ ನಾವು ಮತ್ತೆ ಹೋಗುವುದು ಹೇಗೆ? ಇವನು ತಪ್ಪು ಎಂದೂ ಹೇಳಲಾಗುವುದಿಲ್ಲ. ನಾನು ಇವನನ್ನು ದಾಟಿಸಿ ಕಳಿಸಿದೆ ಎಂದು ತಾರಾಸ್‌ಗೆ ತಿಳಿದರೆ ನನಗೆ ಹೆಂಡತಿ ಇಲ್ಲ ಎನ್ನುತ್ತಾನೆ. ನಮ್ಮ ಮನೆಯಲ್ಲೂ ಎರಡು ಕಡೆ ಆಗಿದೆ. ಕೂತು ಮಾತಾಡುವವರು ಯಾರೂ ಇಲ್ಲ.

ಇನ್ನೊಂದು ಮಾತು. ಯುದ್ಧದಲ್ಲಿ ಡ್ರೋನು ಅವನ ಮೇಲೆ ಬರುತ್ತಿತ್ತು, ಅದಕ್ಕೆ ಹೆದರಿದ್ದಾನೆ ಎಂದು ನೀನು ತಿಳಿದಿದ್ದೀಯ. ಅದು ಅರ್ಧ. ಅಲ್ಲಿ ಅವನ ಕೆಲಸವೇ ಬಾಂಬು ಹೊತ್ತ ಡ್ರೋನು ಹಾರಿಸುವುದು. ಎಷ್ಟು ಜನ ಎಂದು ನಾನು ಕೇಳಿಲ್ಲ. ನೀನೂ ಕೇಳಬೇಡ.

ಆ ಹೆಂಗಸಿನ ಮೊಣಕೈ ವಾಸಿಯಾಯಿತೇ?

ಸುಚಿ


ಹೆತ್ತೂರು ಹೋಬಳಿ
30 ಜನವರಿ 2026

ಸುಚಿತ್ರಾ,

ನಿನ್ನ ಕಾಗದ ನಿನ್ನೆ ಬಂತು. ಸೋಮವಾರಕ್ಕೆ ಮೊದಲು ಬರಬೇಕಿತ್ತು.

ಕೆಂಚಮ್ಮ ಹುಟ್ಟಿಸಿದ ಆನೆ ದಿನದಿನಕ್ಕೂ ಬೆಳೆಯಿತು. ಮೊದಲ ದಿನ ಅದು ಬರೀ ಆನೆ. ಬೆಳಗೋಡು ಸಂತೆಗೆ ಹೋಗುವಷ್ಟರಲ್ಲಿ ಒಂಟಿ ಸಲಗವಾಯಿತು. ಹೆತ್ತೂರಿನ ಟೀ ಅಂಗಡಿಯಲ್ಲಿ ಅದರ ಸೊಂಡಿಲು ಕೆಂಚಮ್ಮನ ಜಡೆಗೆ ತಾಗಿತ್ತು. "ರಷ್ಯಾದೋರು ಅಂದ್ರೆ ಸುಮ್ನೇನಾ!" ಎಂದು ಅಲ್ಲಿದ್ದವರು ಹೆಮ್ಮೆ ಪಟ್ಟರಂತೆ.

ಜಯಕುಮಾರ್‌ಗೆ ಕಾಲರ್ ಹಿಡಿದದ್ದು ಬಾಧಿಸುತ್ತಿತ್ತು. ಬೆಳೆಗಾರರ ಸಂಘದವರ ಜೊತೆ ಕೂತು ಗಣರಾಜ್ಯೋತ್ಸವದ ದಿನ ಶಾಲೆಯ ಮೈದಾನದಲ್ಲಿ ಅವನಿಗೆ ಸನ್ಮಾನ ಎಂದು ನಿಶ್ಚಯ ಮಾಡಿಕೊಂಡು ಬಂದರು. ಬೇಡ ಎಂದೆ. "ಯಾಕೆ ಬೇಡ? ಕಳ್ಳನ ಥರ ಹಿಡಿದಿದ್ದೀನಿ ಕಣೇ. ಒಂದು ಶಾಲಾದ್ರೂ ಹೊದಿಸಬೇಡ್ವಾ?" ಎಂದರು. ಕಾರಣ ಹೇಳದೆ ಬೇಡ ಎನ್ನಲು ನನಗೆ ಬರಲಿಲ್ಲ. ಕಾರಣ ನನಗೇ ಪೂರ್ತಿ ಗೊತ್ತಿರಲಿಲ್ಲ. ದಾನಿಲೊನೂ ಬೇಡ ಎಂದ. ಅದನ್ನು ಎಲ್ಲರೂ ವಿನಯ ಎಂದುಕೊಂಡರು.

ಪೇಟ ತೊಡಿಸಿದರು, ಶಾಲು, ಏಲಕ್ಕಿ ಹಾರ. ಸ್ಥಳೀಯ ಚಾನೆಲಿನ ಹುಡುಗಿ ಮೈಕು ಹಿಡಿದಾಗ ಜಯಕುಮಾರ್, "ರಷ್ಯಾದವರು, ನಮ್ಮ ಮನೇಲೇ ಇದ್ದಾರೆ," ಎಂದರು. ಕೆಂಚಮ್ಮ ಕ್ಯಾಮೆರಾದ ಮುಂದೆ ಆನೆ ಹೇಗೆ ಘೀಳಿಟ್ಟಿತು ಎಂದು ಘೀಳಿಟ್ಟೇ ತೋರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಮೈದಾನದ ನಟ್ಟನಡುವೆ, ತಲೆಯ ಮೇಲೆ ಒಂದು ಮರವೂ ಇಲ್ಲದ ಕಡೆ, ಅವನು ಪೇಟ ತೊಟ್ಟು ನಿಂತಿದ್ದ. ಈಗ ಆ ವಿಡಿಯೊವನ್ನು ಸಾವಿರಾರು ಜನ ನೋಡಿದ್ದಾರೆ.

ನಿನ್ನೆ ನಿನ್ನ ಕಾಗದ ಓದಿದ ಮೇಲೆ, ನೀನು ಬೇಡ ಎಂದದ್ದನ್ನೇ ಮಾಡಿದೆ. ಅವನನ್ನು ಕೇಳಿದೆ. ಇಷ್ಟು ಹೇಳಿದ: "ಪರದೆಯ ಮೇಲೆ ಜನ ಗುಂಡಿಗೆ ಹಾರುವುದನ್ನು ದಿನವೂ ನೋಡುತ್ತಿದ್ದೆ. ಗುಂಡಿ ಯಾರನ್ನೂ ಉಳಿಸುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅವಳನ್ನು ತಳ್ಳಿದೆ. ಬೇರೇನೂ ಹೊಳೆಯಲಿಲ್ಲ."

ಇದನ್ನು ಮೊದಲೇ ಕೇಳಿದ್ದರೆ ಅಡುಗೆಮನೆಯಲ್ಲಿ ಕೆಂಚಮ್ಮನಿಗೆ ಆ ಮಾತುಗಳನ್ನು ಹೇಳುತ್ತಿದ್ದೆನೇ? ಅವನು ಬಾಂಬಿಗೆ ಹೆದರಿದವನು ಎಂದೆ. ಬಾಂಬು ಬೀಳಿಸಿದವನು ಎನ್ನಲಿಲ್ಲ. ಮೂರು ತಿಂಗಳು ನನ್ನ ಕೈಯ ಊಟ ಮಾಡಿದ್ದಾನೆ. ನಿನ್ನೆ ಅನ್ನ ಬಡಿಸುವಾಗ ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಅವನಿಗೆ ಅದು ಗೊತ್ತಾಯಿತು. ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ಸುಮನಾ


ಕ್ರಾಕೊವ್
9 ಫೆಬ್ರವರಿ 2026

ಸುಮಿ,

ನೀವು ಮಾಡಿದ ಸನ್ಮಾನ ಇಲ್ಲಿಗೆ ಬಂದು ಮುಟ್ಟಿದೆ.

ರಷ್ಯಾದ ಯಾವುದೋ ಪೇಜಿನವರು ಆ ವಿಡಿಯೊ ಎತ್ತಿಕೊಂಡು, ಭಾರತದಲ್ಲಿ ಆನೆಯಿಂದ ಹೆಂಗಸನ್ನು ಕಾಪಾಡಿದ ನಮ್ಮ ವೀರ ಎಂದು ಹಾಕಿದ್ದಾರೆ. ಅವನ ಮನೆ ಒಡೆದವರು ಅವನನ್ನು ತಮ್ಮವನು ಎನ್ನುತ್ತಿದ್ದಾರೆ. ಅವನ ಸ್ವಂತ ಅಣ್ಣನೇ ತನ್ನವನಲ್ಲ ಎಂದಿದ್ದಾನೆ. ನಗಬೇಕು ಅನ್ನಿಸಿತು, ಆಗಲಿಲ್ಲ.

ಅದು ಉಕ್ರೇನಿನವರ ಕಣ್ಣಿಗೂ ಬಿತ್ತು. ಶನಿವಾರ ತಾರಾಸ್‌ನಿಂದ ನನಗೆ ಮೆಸೇಜ್ ಬಂತು. ಒಂದೇ ಸಾಲು. "ದಾನಿಲೊ ದಪ್ಪ ಆಗಿದ್ದಾನೆ."

ಅಷ್ಟೆ. ಹಿಂದೆ ಮುಂದೆ ಏನೂ ಇಲ್ಲ. ಎಲ್ಲಿದ್ದಾನೆ ಎಂದಿಲ್ಲ. ನಿನಗೆ ಗೊತ್ತಿತ್ತೇ ಎಂದಿಲ್ಲ. ನಮ್ಮ ಆಲೂರೂ ವಿಡಿಯೊದ ಊರೂ ಒಂದೇ ಜಿಲ್ಲೆ ಎಂದು ಅವನಿಗೆ ಗೊತ್ತು. ಮದುವೆಯಾದ ಮೇಲೆ ನಮ್ಮ ಊರಿಗೆ ಬಂದು ಹೋದವನಲ್ಲವೇ. ಎರಡು ದಿನದಿಂದ ಆ ಸಾಲನ್ನು ಓದುತ್ತಿದ್ದೇನೆ. ಒಮ್ಮೆ ಅಣ್ಣನ ಮಾತು ಅನ್ನಿಸುತ್ತದೆ. ಒಮ್ಮೆ ಕಂದಕದಲ್ಲಿ ಒಣಗಿದವನೊಬ್ಬ ಹಲ್ಲು ಕಡಿದು ಆಡಿದ ಮಾತು ಅನ್ನಿಸುತ್ತದೆ. ಅವನು ಯಾರಿಗಾದರೂ ತಿಳಿಸಿದ್ದರೆ? ನನ್ನ ಗಂಡನ ಒಂದು ಸಾಲು ಓದಲು ನನಗೆ ಬಾರದಂತಾಗಿದೆ.

ಅಪಾಯ ಬೇಡ. ಈ ಕಾಗದ ಸೇರಿದ ದಿನವೇ ದಾನಿಲೊನನ್ನು ಕಳಿಸು. ನೇಪಾಳದಲ್ಲಿ ನನಗೆ ಗೊತ್ತಿರುವವರಿದ್ದಾರೆ, ವಿಳಾಸ ಬೇರೆ ಚೀಟಿಯಲ್ಲಿದೆ. ತಾರಾಸ್ ಬರೆದದ್ದನ್ನು ಅವನಿಗೆ ಹೇಳಲೇಬೇಡ. ಅಣ್ಣನ ಹೆಸರು ಕೇಳಿದರೆ ಅವನು ಅಲ್ಲೇ ಕೂತುಬಿಡುತ್ತಾನೆ.

ಸುಚಿ


ಹೆತ್ತೂರು ಹೋಬಳಿ
21 ಫೆಬ್ರವರಿ 2026

ಸುಚಿತ್ರಾ,

ಎರಡು ದಿನದಿಂದ ನಿನಗೆ ಫೋನ್ ಮಾಡುತ್ತಿದ್ದೇನೆ. ತಾರಾಸ್‌ಗೆ ಗೊತ್ತಾದ ಮೇಲೆ ಇನ್ನು ಯಾರಿಂದ ಮುಚ್ಚಿಡುವುದು? ನೀನು ತೆಗೆಯುತ್ತಿಲ್ಲ. ಆದ್ದರಿಂದ ಮತ್ತೆ ಕಾಗದ.

ನೀನು ಹೇಳಿದಂತೆಯೇ ಮಾಡಲು ಹೊರಟೆ. ಗುರುವಾರ ಬೆಳಿಗ್ಗೆ ಅವನಿಗೆ ನೇಪಾಳದ ವಿಳಾಸ ಕೊಟ್ಟೆ. ಏನೂ ಕೇಳಲಿಲ್ಲ. ಒಳಗೆ ಹೋಗಿ ಅಷ್ಟರಲ್ಲೇ ಚೀಲ ಹಾಕಿಕೊಂಡು ಬಂದ. ಹೊರಡುವುದು ಅವನಿಗೆ ಅಭ್ಯಾಸವಾಗಿದೆ. ಸಕಲೇಶಪುರದ ರೈಲಿಗೆ ಬಿಡಲು ಜಯಕುಮಾರ್ ಜೀಪು ತೆಗೆದು ನಿಲ್ಲಿಸಿದ್ದರು. ಇಷ್ಟು ಬೇಗ ಹೊರಟನಲ್ಲ ಎಂದು ಅವರಿಗೆ ಬೇಸರ. ಹಿಂದಿನ ರಾತ್ರಿ ಅವರಿಗೆ ಎಲ್ಲವನ್ನೂ ಹೇಳಿದ್ದೆ. ಅವರು ಕೇಳಿದ್ದು ಒಂದೇ: "ಹಾಗಾದ್ರೆ ಆನೆ ಬರ್ಲೇ ಇಲ್ವಾ?"

ಅವನು ಹೋಗುತ್ತಾನೆಂದು ನನಗೆ ಹಗುರವಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ. ಆ ಹಗುರವೇ ನನ್ನನ್ನು ತಡೆಯಿತು ಅನ್ನಿಸುತ್ತದೆ. ಅವನಿಗೆ ಒಳ್ಳೆಯದಾಗಲಿ ಎಂದು ಸುಮ್ಮನಿರುತ್ತಿದ್ದೇನೆಯೇ, ನನಗೆ ಅವನು ತೊಲಗಲಿ ಎಂದು ಸುಮ್ಮನಿರುತ್ತಿದ್ದೇನೆಯೇ? ಅಣ್ಣ ತಮ್ಮನಿಗೆ ಆಡಿದ ಮಾತನ್ನು ನಡುವೆ ನಾವಿಬ್ಬರು ಹೆಂಗಸರು ಹಿಡಿದಿಟ್ಟುಕೊಳ್ಳುವುದು ಯಾವ ಹಕ್ಕಿನಿಂದ?

ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಿಬಿಟ್ಟೆ. "ನಿಮ್ಮ ಅಣ್ಣ ವಿಡಿಯೊ ನೋಡಿದ್ದಾರೆ. ನೀವು ದಪ್ಪ ಆಗಿದ್ದೀರಿ ಎಂದು ಸುಚಿತ್ರಾಳಿಗೆ ಬರೆದಿದ್ದಾರೆ."

ಅವನು ಇನ್ನೊಮ್ಮೆ ಹೇಳಲು ಕೇಳಿದ. ಹೇಳಿದೆ. ಆಮೇಲೆ, "ಯಾವ ಭಾಷೆಯಲ್ಲಿ?" ಎಂದ.

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ. ಅವರಿಬ್ಬರೂ ಹುಟ್ಟಿದಾಗಿನಿಂದ ಮನೆಯಲ್ಲಿ ಆಡಿದ್ದು ರಷ್ಯನ್ ಭಾಷೆಯಂತೆ; ಖಾರ್ಕಿವ್‌ನ ಎಷ್ಟೋ ಮನೆಗಳಲ್ಲಿ ಹಾಗೆಯೇ ಅಂತೆ. ಯುದ್ಧ ಶುರುವಾದ ದಿನ ತಾರಾಸ್ ಆ ಭಾಷೆ ಬಿಟ್ಟನಂತೆ. ಅಂದಿನಿಂದ ತಾಯಿಯ ಜೊತೆಗೂ, ಕನಸಿನಲ್ಲಿ ಬಡಬಡಿಸುವಾಗಲೂ ಉಕ್ರೇನಿನದೇ. ತಮ್ಮ ಇಲ್ಲ ಎಂದು ಫೋನಿನಲ್ಲಿ ಹೇಳಿದ್ದೂ ಅದರಲ್ಲೇ. "ಈ ಸಾಲು ಉಕ್ರೇನಿಯನ್‌ನಲ್ಲಿದ್ದರೆ ಸಿಪಾಯಿ ಬರೆದದ್ದು, ನಾನು ಹೋಗುತ್ತೇನೆ," ಎಂದ. "ರಷ್ಯನ್‌ನಲ್ಲಿದ್ದರೆ ನನ್ನ ಅಣ್ಣ ಬರೆದದ್ದು."

ನೀನು ನನಗೆ ಬರೆದದ್ದು ಕನ್ನಡದಲ್ಲಿ. ಅದರಿಂದ ಏನೂ ತಿಳಿಯುವುದಿಲ್ಲ.

ರೈಲು ಹೋಯಿತು. ಅವನು ಜಗಲಿಯಲ್ಲೇ ಕೂತಿದ್ದಾನೆ. ಚೀಲವನ್ನು ಬಿಚ್ಚಿಲ್ಲ. ನಾನು ಅವನನ್ನು ಈಗಲೂ ನಂಬುವುದಿಲ್ಲ, ಅವನ ಬೆರಳುಗಳನ್ನು ನೋಡುವುದು ಬಿಟ್ಟಿಲ್ಲ. ಆದರೆ ಉತ್ತರ ಬರುವವರೆಗೆ ಅವನನ್ನು ಕಳಿಸುವುದಿಲ್ಲ.

ತಾರಾಸ್ ಯಾವ ಭಾಷೆಯಲ್ಲಿ ಬರೆದಿದ್ದಾನೆ, ಸುಚಿ? ಅದೊಂದನ್ನು ಬರೆ. ಈ ಸಲವಾದರೂ ನಿಜ ಬರೆ.

ಸುಮಿ